ಏಳನೆಯ ಮನೆಯ ಮೇಲಿನ ಕಣ್ಣು

ದೊಡ್ಡಪ್ಪ ಸತ್ತು ಬಹಳ ವರ್ಷಗಳಾದವು. ಸತ್ತವರ ಮೇಲೆ ಹಗೆ ಇಟ್ಟುಕೊಳ್ಳಬಾರದು ಎನ್ನುತ್ತಾರೆ. ನಾನು ಇಟ್ಟುಕೊಂಡಿದ್ದೇನೆ. ಅವರ ವರ್ಷಾಂತಿಕಕ್ಕೆ ಹೋಗಿ ಊಟ ಮಾಡಿ ಬಂದ ದಿನವೂ ಆ ಸಿಟ್ಟು ಒಂದು ಕಾಳಿನಷ್ಟೂ ಕಡಿಮೆಯಾಗಿರಲಿಲ್ಲ.

ಪುತ್ತೂರಿನಿಂದ ಸುಳ್ಯಕ್ಕೆ ಹೋಗುವ ದಾರಿಯಲ್ಲಿ ನಮ್ಮ ಮನೆ. ನನಗೆ ನಾಲ್ಕು ವರ್ಷವಾಗಿದ್ದಾಗ ಅಪ್ಪ ಹೋದರು. ಅಮ್ಮ, ಅಕ್ಕ, ನಾನು ದೊಡ್ಡಪ್ಪನ ಆಶ್ರಯದಲ್ಲಿ ಉಳಿದೆವು. ಆಶ್ರಯ ಎಂದರೆ ಅಮ್ಮ ಇಡೀ ದಿನ ಒಲೆಯ ಮುಂದೆ, ಅಕ್ಕ ದೊಡ್ಡಮ್ಮನ ಮಂಚದ ಪಕ್ಕ. ದೊಡ್ಡಮ್ಮನಿಗೆ ಪಕ್ಷವಾತವಾಗಿ ಬಲಗೈ, ಬಲಗಾಲು ಬಿದ್ದುಹೋಗಿತ್ತು. ಅಕ್ಕನ ಕೈಯಿಂದಲ್ಲದೆ ಬೇರೆ ಯಾರ ಕೈಯಿಂದಲೂ ಅವರು ಗಂಜಿ ಕುಡಿಯುತ್ತಿರಲಿಲ್ಲ. ಪಾಪದ ಹೆಂಗಸು, ಅವರ ಮೇಲೆ ನನಗೆ ಸಿಟ್ಟಿಲ್ಲ.

ದೊಡ್ಡಪ್ಪನಿಗೆ ಜಾತಕ ನೋಡುವ ಹುಚ್ಚು. ಹೊಟ್ಟೆಪಾಡಿಗಲ್ಲ, ದೊಡ್ಡಸ್ತಿಕೆಗೆ. ಕಡಬದ ಕಡೆಯವರು, ಐವರ್ನಾಡಿನವರು ಬಂದು ಜಗಲಿಯಲ್ಲಿ ಕೈಕಟ್ಟಿ ಕೂತರೆ ದೊಡ್ಡಪ್ಪನ ಮುಖ ಅರಳುತ್ತಿತ್ತು. ಆದರೆ ಕೈ ನಡುಗುವ ಕಾಯಿಲೆ. ಪೆನ್ನು ಹಿಡಿದರೆ ಗೆರೆ ಹಾವಿನ ಹಾಗೆ ಹರಿಯುತ್ತಿತ್ತು. ಹಾಗಾಗಿ ಕುಂಡಲಿ ಎಳೆಯುವುದು, ನಕಲು ಮಾಡುವುದು, ಕಾಗದ ಬರೆದು ಅಂಚೆಗೆ ಹಾಕುವುದು ಎಲ್ಲವೂ ನನ್ನ ಪಾಲಿಗೆ ಬಂತು. ಅವರು ಹೇಳುತ್ತಾ ಹೋಗುವುದು, ನಾನು ಬರೆಯುತ್ತಾ ಹೋಗುವುದು. ಬರೆಯುವವಳು ಅರ್ಥವನ್ನೂ ಮಾಡಿಕೊಳ್ಳುತ್ತಾಳೆ ಎಂದು ಅವರಿಗೆ ಹೊಳೆದಿರಲಿಲ್ಲ. ಹೆಣ್ಣುಮಕ್ಕಳ ತಲೆಯ ಬಗ್ಗೆ ಅವರಿಗೆ ಅಷ್ಟು ಭರವಸೆ!

ದೃಷ್ಟಿ ಎಂದರೇನು ಎಂದು ನಾನು ಕಲಿತದ್ದು ಹೀಗೆ. ಗ್ರಹ ಒಂದು ಮನೆಯಲ್ಲಿ ಕೂತಿರುತ್ತದೆ, ಕೂತಲ್ಲಿಂದಲೇ ಬೇರೆ ಮನೆಗಳನ್ನು ನೋಡುತ್ತದೆ. ಕೂತ ಮನೆಯನ್ನೇ ಒಂದು ಎಂದು ಹಿಡಿದು ಎಣಿಸಬೇಕು. ಏಳನೆಯ ಮನೆಯನ್ನು ಎಲ್ಲ ಗ್ರಹಗಳೂ ನೋಡುತ್ತವೆ. ಕುಜನಿಗೆ ಅದು ಸಾಲದು, ನಾಲ್ಕನೆಯದನ್ನೂ ಎಂಟನೆಯದನ್ನೂ ನೋಡುತ್ತಾನೆ. ಗುರು ಐದನೆಯದನ್ನೂ ಒಂಬತ್ತನೆಯದನ್ನೂ ನೋಡುತ್ತಾನೆ. ಕುಜ ನೋಡಿದಲ್ಲಿ ಕೇಡು, ಗುರು ನೋಡಿದಲ್ಲಿ ಒಳ್ಳೆಯದು. ಹುಟ್ಟಿದ ಹೊತ್ತಿಗೆ ಮೂಡುತ್ತಿದ್ದ ರಾಶಿಯೇ ಲಗ್ನ, ಅದೇ ಒಂದನೆಯ ಮನೆ. ಅದರಿಂದ ಏಳನೆಯದು ಮದುವೆಯ ಮನೆ. ಅದರ ಮೇಲೆ ಯಾರ ಕಣ್ಣು ಬಿದ್ದಿದೆ ಎಂಬುದೇ ನಮ್ಮ ಜಗಲಿಯಲ್ಲಿ ದಿನನಿತ್ಯದ ಮಾತು.

ಐವತ್ತರ ದಶಕ ಮುಗಿಯುತ್ತಾ ಬಂದಾಗ ಅಕ್ಕನಿಗೆ ಸಂಬಂಧಗಳು ಬರತೊಡಗಿದವು. ನೆಟ್ಟಣದ ಕಡೆಯಿಂದ ಒಂದು, ಕಡಬದಿಂದ ಒಂದು. ಎರಡಕ್ಕೂ ದೊಡ್ಡಪ್ಪನ ಉತ್ತರ ಒಂದೇ.

"ಹನ್ನೆರಡರಲ್ಲಿ ಕುಜ. ಎಂಟನೇ ದೃಷ್ಟಿ ನೇರ ಏಳಕ್ಕೆ ಬೀಳ್ತದೆ. ಕಟ್ಟಿಕೊಂಡವ ಉಳಿಯುದಿಲ್ಲ. ಗೊತ್ತಿದ್ದೂ ಇನ್ನೊಬ್ಬರ ಮನೆ ಹಾಳು ಮಾಡುದು ಪಾಪ."

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಅಕ್ಕ ದೊಡ್ಡಮ್ಮನ ಕೋಣೆಗೆ ಹೋಗುತ್ತಿದ್ದಳು.

ಮೂರನೆಯದು ಸಂಪಾಜೆಯಿಂದ ಬಂತು. ಹುಡುಗ ಶಾಲೆಯಲ್ಲಿ ಮಾಸ್ತರು. ನಮ್ಮ ನೆಂಟರ ಮನೆಯ ಉಪನಯನದಲ್ಲಿ ಅಕ್ಕ ಅವರನ್ನು ನೋಡಿದ್ದಳು. "ಮೆಲ್ಲ ಮಾತಾಡುದು ಅವರು" ಎಂದು ಬಟ್ಟೆ ಒಗೆಯುವಾಗ ನನ್ನಲ್ಲಿ ಹೇಳಿ ತಾನೇ ನಾಚಿಕೊಂಡಳು. ಅಷ್ಟರವರೆಗೆ ಅವಳು ಯಾವುದನ್ನೂ ಬೇಕು ಎಂದದ್ದನ್ನು ನಾನು ಕೇಳಿರಲಿಲ್ಲ.

ಆ ದಿನ ಅವಳ ಜಾತಕವನ್ನು ಪೆಟ್ಟಿಗೆಯಿಂದ ತೆಗೆದು ನಾನೇ ಎಣಿಸಿದೆ. ವೃಷಭ ಲಗ್ನ. ಹನ್ನೆರಡನೆಯ ಮನೆ ಮೇಷ, ಅಲ್ಲಿ ಕುಜ. ಅಲ್ಲಿಂದ ಎಂಟನೆಯದು ವೃಶ್ಚಿಕ, ಅದೇ ಮದುವೆಯ ಮನೆ. ದೊಡ್ಡಪ್ಪ ಹೇಳಿದ್ದು ಅಲ್ಲಿಯವರೆಗೆ ಸರಿ. ಆದರೆ ಮೇಷವೂ ಕುಜನದ್ದೇ, ವೃಶ್ಚಿಕವೂ ಕುಜನದ್ದೇ. ತನ್ನ ಒಂದು ಮನೆಯಲ್ಲಿ ಕೂತು ತನ್ನದೇ ಇನ್ನೊಂದು ಮನೆಯನ್ನು ನೋಡುವವನು ಅದಕ್ಕೆ ಬೆಂಕಿ ಇಡುತ್ತಾನೆಯೇ? ಕಾಯುತ್ತಾನೆ. ಬೇರೆಯವರ ಜಾತಕದಲ್ಲಿ ಹೀಗಿದ್ದರೆ "ದೋಷ ಇಲ್ಲ" ಎಂದು ದೊಡ್ಡಪ್ಪನೇ ಎಷ್ಟೋ ಸಲ ನನ್ನಿಂದ ಬರೆಸಿದ್ದರು. ಅದೂ ಸಾಲದೆಂಬಂತೆ ಹನ್ನೊಂದರಲ್ಲಿ, ಮೀನದಲ್ಲಿ, ಗುರು. ಅವನ ಒಂಬತ್ತನೆಯ ದೃಷ್ಟಿಯೂ ಅದೇ ವೃಶ್ಚಿಕಕ್ಕೆ. ಮತ್ತೆ ಎಣಿಸಿದೆ. ಮೂರನೆಯ ಸಲವೂ ಎಣಿಸಿದೆ.

ಇದು ಅವರ ಕಣ್ಣಿಗೆ ಬೀಳದೆ ಹೋದದ್ದಲ್ಲ. ಗಂಜಿ ಕುಡಿಸುವ ಕೈ ಹೋಗಬಾರದು, ಅಷ್ಟೇ. ಅದನ್ನು ಬಾಯಿಬಿಟ್ಟು ಹೇಳಿದ್ದರೆ ಕನಿಷ್ಠ ಮನುಷ್ಯ ಎನ್ನುತ್ತಿದ್ದೆ. ಹೇಳುವ ಧೈರ್ಯವಿಲ್ಲದೆ ಆಕಾಶದ ಮೇಲೆ ಹೊರಿಸಿದರು. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದು.

ಸಂಪಾಜೆಯವರಿಗೆ "ಜಾತಕ ಕೂಡಿ ಬರುವುದಿಲ್ಲ" ಎಂದು ಬರೆಯಲು ಹೇಳಿದರು. ಬರೆದು ಓದಿ ಹೇಳಿದೆ. ಆಮೇಲೆ ಅದನ್ನು ಬಚ್ಚಲ ಒಲೆಗೆ ಹಾಕಿ, ಅಕ್ಕನ ಕುಂಡಲಿಯನ್ನು ನಕಲು ಮಾಡಿ, "ನಿಮ್ಮ ಕಡೆಯ ಜೋಯಿಸರಿಗೆ ತೋರಿಸಿ ತಿಳಿಸಬೇಕು" ಎಂದು ದೊಡ್ಡಪ್ಪನ ಹೆಸರಿನಲ್ಲಿ ಬರೆದು ಅಂಚೆಗೆ ಹಾಕಿದೆ.

ಅವರು ಉತ್ತರ ಬರೆಯಲಿಲ್ಲ, ನೇರ ಬಂದೇಬಿಟ್ಟರು. ಹುಡುಗನ ತಂದೆ, ಜೊತೆಗೆ ಸುಳ್ಯದ ಜೋಯಿಸರು. ಬೆಳಗಿನ ಬಸ್ಸಿಳಿದು ಅಂಗಳಕ್ಕೆ ಕಾಲಿಟ್ಟವರನ್ನು ಕಂಡು ದೊಡ್ಡಪ್ಪ ಜಗಲಿಯಿಂದ ಎದ್ದು ನಿಂತರು. ಜೋಯಿಸರು ಕಾಲು ತೊಳೆದು ಕೂತವರೇ ನನ್ನ ನಕಲನ್ನು ಬಿಡಿಸಿದರು.

"ಒಳ್ಳೆ ಜಾತಕ ಮಾರಾಯ್ರೆ. ಏಳರ ಅಧಿಪತಿ ಸ್ವಂತ ಮನೆಯಲ್ಲಿ ಕೂತು ಏಳನ್ನು ನೋಡ್ತಾನೆ. ಗುರುವೂ ನೋಡ್ತಾನೆ. ಇದಕ್ಕಿಂತ ಹೆಚ್ಚು ಎಂತ ಬೇಕು?"

ದೊಡ್ಡಪ್ಪ ಬಾಗಿಲ ಬಳಿ ನಿಂತಿದ್ದ ನನ್ನನ್ನು ನೋಡಿದರು. ಅವರಿಗೆ ಎಲ್ಲ ಅರ್ಥವಾಯಿತು. ಎಲೆಗೆ ಸುಣ್ಣ ಹಚ್ಚಿಕೊಂಡು, ಸಾವಕಾಶವಾಗಿ ಹೇಳಿದರು.

"ಎಲ್ಲ ಸರಿ ಜೋಯಿಸರೇ. ಆದರೆ ನಿಮ್ಮಲ್ಲಿ ಮುಚ್ಚಿಡಬಾರದು. ಹುಟ್ಟಿದ ಹೊತ್ತಿನಲ್ಲೇ ಸಂಶಯ ಉಂಟು. ಗಡಿಯಾರ ಆಗ ಸರಿ ಇರಲಿಲ್ಲ. ನನ್ನ ಲೆಕ್ಕದಲ್ಲಿ ಎರಡು ಗಳಿಗೆ ಮೊದಲೇ ಹುಟ್ಟಿದ್ದು."

ಎರಡು ಗಳಿಗೆ ಎಂದರೆ ಒಂದು ಗಂಟೆಯೂ ಅಲ್ಲ. ಆದರೆ ಅಷ್ಟಕ್ಕೇ ಲಗ್ನ ಒಂದು ಮನೆ ಹಿಂದೆ ಸರಿದು ಮೇಷವಾಗುತ್ತದೆ. ಮದುವೆಯ ಮನೆ ತುಲೆಗೆ ಹೋಗುತ್ತದೆ. ಕುಜ ಲಗ್ನದಲ್ಲೇ ಕೂತು ಅದನ್ನು ನೆಟ್ಟ ನೋಟದಿಂದ ನೋಡುತ್ತಾನೆ, ತುಲೆ ಅವನದ್ದೂ ಅಲ್ಲ. ಗುರು ಹನ್ನೆರಡಕ್ಕೆ ಬೀಳುತ್ತಾನೆ, ಅಲ್ಲಿಂದ ಹೇಗೆ ಎಣಿಸಿದರೂ ತುಲೆ ಅವನಿಗೆ ಸಿಕ್ಕುವುದಿಲ್ಲ. ಗ್ರಹಗಳನ್ನು ಮುಟ್ಟದೆ, ಗಡಿಯಾರವೊಂದನ್ನೇ ತಿರುಗಿಸಿ ಅಕ್ಕನ ಬಾಳನ್ನು ಮುಚ್ಚಿದರು. ಆ ಬುದ್ಧಿವಂತಿಕೆಗೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ಜೋಯಿಸರ ಮುಖ ಸಪ್ಪೆಯಾಯಿತು. "ಹೆತ್ತ ತಾಯಿ ಉಂಟಲ್ಲ, ಅವರನ್ನೇ ಕೇಳುವ" ಎಂದರು.

ಅಮ್ಮ ಬಂದು ಬಾಗಿಲ ಮರೆಯಲ್ಲಿ ನಿಂತಳು. ಅಕ್ಕ ಹುಟ್ಟಿದ ಹೊತ್ತನ್ನು ಅಮ್ಮ ನಮಗೆ ನೂರು ಸಲ ಹೇಳಿದ್ದಳು. ತೋಟದ ಆಳುಗಳು ಹತ್ತು ಗಂಟೆಯ ಗಂಜಿ ಕುಡಿದು, ಪಾತ್ರೆ ತೊಳೆದಿಟ್ಟು ಮತ್ತೆ ಕೆಲಸಕ್ಕೆ ಹೋದ ಮೇಲೆ. ಎರಡು ಗಳಿಗೆ ಮೊದಲಾಗಿದ್ದರೆ ಗಂಜಿ ಬೆಂದೇ ಇರುತ್ತಿರಲಿಲ್ಲ. ನಾನು ಅವಳ ತೋಳು ಹಿಡಿದು "ಹೇಳಮ್ಮ" ಎಂದೆ.

ಅಮ್ಮ ದೊಡ್ಡಪ್ಪನ ಕಡೆ ನೋಡಿದಳು. ಆಮೇಲೆ ನೆಲ ನೋಡಿದಳು.

"ನನಗೆ ಆಗ ಹೊತ್ತು ಗೊತ್ತಾಗುವ ಹಾಗೆ ಇತ್ತಾ? ಅವರು ಹೇಳಿದ್ದೇ ಸರಿ ಇರಬಹುದು."

ಹುಡುಗನ ತಂದೆ ಒಳ್ಳೆಯವರು. ಅಕ್ಕ ಮಾಡಿದ ಕಾಫಿಯನ್ನು ಕುಡಿದು, ಹೊತ್ತೇ ಸಂಶಯವಾದರೆ ಮುಂದುವರಿಯುವುದು ಹೇಗೆ ಎಂದು ಬೇಸರದಿಂದ ಹೇಳಿ ಎದ್ದರು. ಅವರು ಹೋದ ಮೇಲೆ ನಾನು ಅಮ್ಮನ ಮೇಲೆ ಕಿರುಚಿದೆ. ಅವಳು ಅಕ್ಕಿ ಆರಿಸುತ್ತಾ, "ನಾಳೆ ನಮ್ಮನ್ನು ಹೊರಗೆ ಹಾಕಿದರೆ ನೀನು ಸಾಕ್ತೀಯಾ?" ಎಂದಳು. ದೊಡ್ಡಪ್ಪ ನನ್ನನ್ನು ಬೈಯಲೂ ಇಲ್ಲ. ಅವರಿಗೆ ನನ್ನ ಕೈ ಬೇಕಿತ್ತಲ್ಲ. ಎಲ್ಲರ ಕೈಯೂ ಬೇಕಿತ್ತು ಆ ಮಹಾರಾಯರಿಗೆ.

ಐದಾರು ವರ್ಷ ಹೋಯಿತು. ಅಕ್ಕನಿಗೆ ಮತ್ತೆ ಯಾರೂ ಬರಲಿಲ್ಲ. ನನಗೆ ಕಡಬದ ಕಡೆಯಿಂದ ಒಂದು ಸಂಬಂಧ ಬಂತು. ನನ್ನ ಜಾತಕ ಏನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಏಳರಲ್ಲೇ ಕುಜ, ಅವನಿಗೆ ಆಗದ ಮನೆ. ಗುರು ಎರಡರಲ್ಲಿ, ಅಲ್ಲಿಂದ ಅವನು ನೋಡುವುದು ಆರು, ಎಂಟು, ಹತ್ತು. ಏಳನ್ನು ನೋಡುವುದೇ ಇಲ್ಲ. ಅಕ್ಕನದ್ದು ಕೆಟ್ಟ ಜಾತಕವಾದರೆ ನನ್ನದು ಸುಡುಗಾಡು.

ದೊಡ್ಡಪ್ಪ ಒಂದು ಕ್ಷಣವೂ ಯೋಚಿಸಲಿಲ್ಲ.

"ಬರೆ. ಗುರುದೃಷ್ಟಿ ಇರುವುದರಿಂದ ಕುಜದೋಷ ಪರಿಹಾರ ಆಗಿದೆ."

ನಾನು ತಲೆಯೆತ್ತಿ ಅವರನ್ನು ನೋಡಿದೆ. ಅವರೂ ನೋಡಿದರು. ದೊಡ್ಡಮ್ಮನಿಗೆ ಅಕ್ಕ ಇದ್ದಳು, ನಾನು ಹೋದರೆ ಅವರಿಗೆ ನಷ್ಟವಿಲ್ಲ. ಕಾಗದ ಬರೆಯುವ ಇನ್ನೊಬ್ಬರನ್ನು ಹುಡುಕಿಕೊಳ್ಳಬಹುದು. ಆ ಹೊತ್ತಿನಲ್ಲಿ ನಾನು ಪೆನ್ನು ಕೆಳಗಿಟ್ಟು "ಹಾಗಾದರೆ ಅಕ್ಕನದ್ದು?" ಎಂದು ಕೇಳಬೇಕಿತ್ತು. ಕೇಳಲಿಲ್ಲ. ಆ ಮನೆಯಿಂದ ಹೊರಗೆ ಹೋಗುವ ಆಸೆ ಅಷ್ಟಿತ್ತು. ಬರೆದೆ.

ಸಂಜೆ ಅಂಟು ಹಚ್ಚಲು ಗಂಜಿಯ ಬಟ್ಟಲು ತಂದುಕೊಟ್ಟ ಅಕ್ಕ ನನ್ನ ಪಕ್ಕ ಕೂತು, ನನ್ನ ಕುಂಡಲಿಯನ್ನೂ ಎಳೆದಿದ್ದ ಆ ಕಾಗದವನ್ನು ಕೈಗೆತ್ತಿಕೊಂಡಳು. ಅವಳಿಗೆ ಎಣಿಸಲು ಬರುತ್ತದೆ ಎಂದು ನನಗೆ ಆವರೆಗೆ ಗೊತ್ತಿರಲಿಲ್ಲ. ಮನೆಯಿಂದ ಮನೆಗೆ ಬೆರಳಿಟ್ಟು, ತುಟಿ ಅಲುಗಿಸುತ್ತಾ ಹೋದಳು.

"ಗುರು ಇಲ್ಲಿ ನೋಡುದಿಲ್ಲ ಅಲ್ಲವಾ?" ಎಂದಳು.

"ಇಲ್ಲ" ಎಂದೆ.

"ನನ್ನದರಲ್ಲಿ ನೋಡ್ತಿದ್ದ."

ನಾನು ಅವಳ ಕೈಯಿಂದ ಕಾಗದವನ್ನು ತೆಗೆದುಕೊಂಡು, ಮಡಚಿ ಲಕೋಟೆಯೊಳಗಿಟ್ಟು ಅಂಟಿಸಿದೆ.