ಸಮುದ್ರದ ತಳದ ಗ್ವಾದಲಿ

ನಮ್ಮ ಫ್ರಿಜ್ಜಿನಲ್ಲಿ ಹೂರಣದ ಡಬ್ಬಿಗೂ ಮೊಸರಿನ ಪಾತ್ರೆಗೂ ನಡುವೆ, ಕೋಟಿಗಟ್ಟಲೆ ವರ್ಷದ ಹಿಂದಿನ ಕೆಸರು ಒಂದು ದಿನ ಇತ್ತು. ಈ ಮಾತನ್ನು ನಾನು ಹಾನಗಲ್ಲಿನಲ್ಲಿ ಯಾರ ಮುಂದೆಯೂ ಹೇಳಿಲ್ಲ. ಹೇಳಿದರೆ, ಫ್ರಿಜ್ ತೊಳೆದು ಎಷ್ಟು ದಿನವಾಯಿತೆಂದು ಕೇಳುತ್ತಾರೆ.

ಕೆಸರು ತಂದವಳು ನನ್ನ ಮಗಳು. ಕರಾವಳಿಯ ಒಂದು ಪ್ರಯೋಗಾಲಯದಲ್ಲಿ ಅವಳು ಸಂಶೋಧನೆ ಮಾಡುತ್ತಾಳೆ. ಹಡಗಿನಿಂದ ಉದ್ದನೆಯ ಕೊಳವೆ ಇಳಿಸಿ, ಮೈಲುಗಟ್ಟಲೆ ನೀರಿನ ಕೆಳಗಿರುವ ಸಮುದ್ರದ ತಳದೊಳಗಿನಿಂದ ಮಣ್ಣು ತೆಗೆಯುತ್ತಾರಂತೆ. ಅಲ್ಲಿ ಬೆಳಕಿಲ್ಲ, ಅನ್ನವೆಂಬುದು ಇದ್ದೂ ಇಲ್ಲದಷ್ಟು, ಮೇಲೆ ಇಡೀ ಸಮುದ್ರದ ಭಾರ. ಆದರೂ ಆ ಮಣ್ಣಿನಲ್ಲಿ ಕಣ್ಣಿಗೆ ಕಾಣದ ಜೀವಿಗಳಿವೆ. ಬೆಳೆಯುವುದಿಲ್ಲ, ಸಾಯುವುದೂ ಇಲ್ಲ, ಸುಮ್ಮನೆ ಇರುತ್ತವೆ. ಪ್ರಯೋಗಾಲಯಕ್ಕೆ ತಂದು ಒಂದಿಷ್ಟು ತಿನ್ನಲು ಕೊಟ್ಟರೆ ಕೆಲವು ಎದ್ದು ಕೂರುತ್ತವೆ. ಇದನ್ನು ಮೊದಲ ಸಲ ಕೇಳಿದಾಗ ನನಗೆ ದೊಡ್ಡ ಮನೆತನಗಳ ಹಳೆಯ ಸೊಸೆಯಂದಿರ ನೆನಪಾಯಿತು. ಮಗಳಿಗೆ ಹೇಳಲಿಲ್ಲ.

ಆ ಮಣ್ಣಿನ ಒಂದು ಸಣ್ಣ ಡಬ್ಬಿಯನ್ನು ಬೆಂಗಳೂರಿನ ಇನ್ನೊಂದು ಪ್ರಯೋಗಾಲಯಕ್ಕೆ ತಲುಪಿಸುವ ಕೆಲಸ ಅವಳ ಪಾಲಿಗೆ ಬಂದಿತ್ತು. ಅದನ್ನು ಸುಸೂತ್ರವಾಗಿ ಮಾಡಿದರೆ ಈ ವರ್ಷದ ಹಡಗಿನಲ್ಲಿ ಅವಳಿಗೊಂದು ಜಾಗ. ಎರಡು ವರ್ಷದಿಂದ ಅವಳು ಕಾಯುತ್ತಿದ್ದದ್ದು ಅದಕ್ಕೇ. ಎಲ್ಲೂ ನಿಲ್ಲದೆ ಹೋಗಬೇಕೆಂದು ಅವಳ ಗೈಡ್ ಮೇಡಂ ಹೇಳಿದ್ದರು. ಆದರೆ ಶಿರಸಿಯಿಂದ ಬರುವ ಬಸ್ಸು ನಮ್ಮ ಊರಿನ ಮೇಲೆಯೇ ಹಾಯುತ್ತದೆ, ಮರುದಿನ ಮಣ್ಣೆತ್ತಿನ ಅಮಾವಾಸ್ಯೆ. "ಹೋಳಿಗಿ ಉಂಡು ಹೋಗು" ಎಂದು ಫೋನಿನಲ್ಲಿ ಹೇಳಿದವಳು ನಾನು. ಆದ್ದರಿಂದ ತಪ್ಪಿನ ಮೊದಲ ತುತ್ತು ನನ್ನದೇ.

ಸಂಜೆ ಚಹಾದ ಹೊತ್ತಿಗೆ ಅವಳು ಬಂದಳು. ಮಂಜುಗಡ್ಡೆಯ ಪೆಟ್ಟಿಗೆಯಿಂದ ಡಬ್ಬಿ ತೆಗೆದು ಫ್ರಿಜ್ಜಿನಲ್ಲಿಡುವುದನ್ನು ನನ್ನ ಅತ್ತೆ ನೋಡುತ್ತಿದ್ದರು.

"ಏನದು, ಉಪ್ಪಿನಕಾಯೇನ?"

"ಮಣ್ಣು ಆಯಿ. ಸಮುದ್ರದ ತಳದ್ದು."

"ಮಣ್ಣು ಹೊರಾಕ ಇಷ್ಟು ಸಾಲಿ ಕಲಿತಿಯೇನ? ನಮ್ಮ ಹೊಲದಾಗ ಪುಕ್ಕಟ ಸಿಗತಿತ್ತಲ್ಲ."

ಅಜ್ಜಿಯ ಚುಚ್ಚುಮಾತು ಮೊಮ್ಮಗಳಿಗೆ ತಾಗಿತು. "ಇದು ಬ್ಯಾರೆ ಆಯಿ. ಮನಶ್ಯಾರು ಹುಟ್ಟೂಕಿಂತ ಮೊದಲಿಂದ ಹಂಗ ಬಿದ್ದೈತಿ. ಅದರಾಗಿನ ಜೀವ ಅವತ್ತಿಂದ ಉಪಾಸ ಅದಾವ. ಯಾರೂ ಕಾಲಿಟ್ಟಿಲ್ಲ, ಇದರಷ್ಟು ಸ್ವಚ್ಛ ಮಣ್ಣು ಜಗತ್ತಿನ್ಯಾಗ ಇಲ್ಲ."

"ಯಾರೂ ತುಳಿದಿಲ್ಲ?"

"ಇಲ್ಲ."

"ಎಮ್ಮಿ, ನಾಯಿ?"

"ಸಮುದ್ರದ ತಳಕ್ಕ ಎಮ್ಮಿ ಹೆಂಗ ಹೋಗ್ತಾವ ಆಯಿ?"

ಅತ್ತೆ ನಿಧಾನಕ್ಕೆ ತಲೆಯಾಡಿಸಿದರು. ಅಂಗಡಿಯಲ್ಲಿ ಹರವಿದ ಸೀರೆಗಳಲ್ಲಿ ಒಂದು ಮನಸ್ಸಿಗೆ ಬಂದಾಗ ಅವರು ಹೀಗೆಯೇ ತಲೆಯಾಡಿಸುತ್ತಾರೆ. ನಾನು ಅದನ್ನು ಗಮನಿಸಿದೆ. ಗಮನಿಸುವುದು ನನಗೆ ಚೆನ್ನಾಗಿ ಬರುತ್ತದೆ, ಅದರಿಂದ ಏನನ್ನಾದರೂ ತಿಳಿದುಕೊಳ್ಳುವುದು ಬರುವುದಿಲ್ಲ.

ಆ ಅಮಾವಾಸ್ಯೆಗೆ ನಮ್ಮಲ್ಲಿ ಮಣ್ಣಿನ ಒಂದು ಜೋಡಿ ಎತ್ತು, ಅವುಗಳ ಮುಂದೆ ಮೇವು ಹಾಕಲು ಒಂದು ಪುಟ್ಟ ಗ್ವಾದಲಿ ಮಾಡಿ ಪೂಜಿಸುತ್ತಾರೆ. ಮರುದಿನ ನೀರಿಗೆ ಬಿಡುತ್ತಾರೆ. ಹೆಚ್ಚಿನವರು ಕುಂಬಾರರು ಮಾಡಿದ ಎತ್ತು ತರುತ್ತಾರೆ. ಹಂಸಭಾವಿಯ ತವರಿನಿಂದ ಬಂದ ನನ್ನ ಅತ್ತೆಗೆ ಅದು ಒಗ್ಗುವುದಿಲ್ಲ. ಎತ್ತನ್ನು ತಾವೇ ಮಾಡಬೇಕು, ಮಣ್ಣು ಯಾರೂ ತುಳಿಯದ ಜಾಗದ್ದಾಗಬೇಕು. ಅಂಥ ಜಾಗ ಪ್ರತಿ ವರ್ಷವೂ ಕಡಿಮೆಯಾಗುತ್ತಿದೆ. ಕೆರೆಯ ಏರಿಯ ಮೇಲೆ ಬೈಕು, ಹೊಲದಲ್ಲಿ ಟ್ರ್ಯಾಕ್ಟರು. ಈ ಸಲ ತಿಳವಳ್ಳಿಯಲ್ಲಿರುವ ಅವರ ತಂಗಿ ಹೊಲದ ಮೂಲೆಯಿಂದ ತೆಗೆಸಿ ಒಂದು ಚೀಲ ಕಳಿಸಿದ್ದರು. ಅತ್ತೆ ಮಾಡುವ ಎತ್ತುಗಳ ಇಣಿ, ಅಂದರೆ ಹೆಗಲ ಮೇಲಿನ ಡುಬ್ಬ, ದೊಡ್ಡವು. ಮಣ್ಣೆಲ್ಲ ಆ ಇಣಿಗಳಿಗೇ ಹೋಯಿತು, ಗ್ವಾದಲಿಗೆ ಉಳಿಯಲಿಲ್ಲ.

ಬೆಳಿಗ್ಗೆ ನಾನು ಹೋಳಿಗೆ ಲಟ್ಟಿಸುತ್ತಿದ್ದೆ, ಮಗಳು ತಲೆಗೆ ಎರೆದುಕೊಳ್ಳುತ್ತಿದ್ದಳು. ಅತ್ತೆ ಬಂದು ಫ್ರಿಜ್ ತೆರೆದದ್ದನ್ನು ನೋಡಿದೆ. ಬೆಣ್ಣೆಗಿರಬೇಕು ಎಂದುಕೊಂಡು ಲಟ್ಟಿಸುತ್ತಲೇ ಇದ್ದೆ.

ಮಗಳು ತಲೆಗೆ ಟವೆಲ್ ಸುತ್ತಿಕೊಂಡು ದೇವರ ಮುಂದೆ ಬಂದಾಗ ಪೂಜೆ ಮುಗಿದಿತ್ತು. ಕುಸುಬಿ ಕಾಳಿನ ಕಣ್ಣಿನ ಎರಡು ಕರಿಯ ಎತ್ತುಗಳು. ಮುಂದೆ ತಿಳಿಕಂದು ಬಣ್ಣದ, ಅಂಗೈಯಲ್ಲಿ ಹಿಡಿಯುವಷ್ಟು ಗ್ವಾದಲಿ. ಅದರ ತುಂಬ ಹೋಳಿಗೆಯ ಚೂರು, ಮೇಲೆ ತುಪ್ಪ. ಪಕ್ಕದಲ್ಲಿ ತೊಳೆದು ಬೋರಲು ಹಾಕಿದ ಖಾಲಿ ಡಬ್ಬಿ.

ಅವಳು ಅಲ್ಲೇ ಕುಳಿತಳು.

"ಆಯಿ, ಅದು ನನ್ನ ಮಣ್ಣು."

"ಹೌದು. ಎಷ್ಟು ಛಲೋ ಐತಿ ನೋಡವಾ, ಒಂದು ಹಳ್ಳು ಕಲ್ಲು ಇಲ್ಲ. ಬೆಣ್ಣಿ ಹಂಗ ಬಂತು."

"ಅದರಾಗ ಜೀವ ಅದಾವ ಆಯಿ."

"ಅದಕ್ಕ ಎಡಿ ಹಿಡದೇನಿ. ಪಾಪ, ಅವು ಉಪಾಸ ಅದಾವ ಅಂತ ನೀನ ಹೇಳಿದಿ."

ಕೈಗೆ ಗ್ಲೌಸು, ಬಾಯಿಗೆ ಮಾಸ್ಕು ಹಾಕಿಕೊಂಡು ಮುಟ್ಟುತ್ತಿದ್ದ ಮಣ್ಣು ಅದು. ಈಗ ಅದರಲ್ಲಿ ನಮ್ಮ ಮನೆಯ ಅರಿಶಿನ, ಕುಂಕುಮ, ಅತ್ತೆಯ ಹತ್ತೂ ಬೆರಳು. ಇನ್ನು ಅದರಲ್ಲಿ ಸಮುದ್ರದವರು ಯಾರು, ಹಾನಗಲ್ಲಿನವರು ಯಾರು ಎಂದು ಯಾವ ಯಂತ್ರವೂ ಹೇಳಲಾರದು ಎಂದು ಮಗಳು ಮೆಲ್ಲಗೆ ಹೇಳಿದಳು. ಗ್ವಾದಲಿ ಒಡೆಯೋಣವೇ ಎಂದು ನಾನು ಕೇಳಿದೆ. "ಪೂಜಿ ಆದ ಮ್ಯಾಲೆ ಒಡಿಯಾಕ ಬರೂದಿಲ್ಲ" ಎಂದರು ಅತ್ತೆ. ಒಡೆದರೂ ಪ್ರಯೋಜನವಿಲ್ಲ ಎಂದಳು ಮಗಳು. ಅಂತೂ ಶಾಸ್ತ್ರವೂ ವಿಜ್ಞಾನವೂ ಒಂದೇ ತೀರ್ಮಾನಕ್ಕೆ ಬಂದವು.

ನಮ್ಮವರು ಪೇಪರು ಮಡಚಿಟ್ಟು ಪರಿಹಾರ ಹೇಳಿದರು. "ಬಸ್ಸಿನ್ಯಾಗ ಕಳೀತು ಅಂತ ಬರದು ಬಿಡು. ಆ ಬಸ್ಸಿನ್ಯಾಗ ಏನು ಬೇಕಾದ್ದು ಕಳೀತೈತಿ."

ಮಗಳು ಸ್ವಲ್ಪ ಹೊತ್ತು ಯೋಚಿಸಿದ್ದು ನನಗೆ ಕಂಡಿತು. ಹಡಗು ಅವಳ ಕಣ್ಣ ಮುಂದಿನಿಂದ ದೂರ ಹೋಗುತ್ತಿತ್ತು. ಕೊನೆಗೆ, "ಬ್ಯಾಡ ಪಪ್ಪಾ, ಆದದ್ದ ಬರೀತೇನಿ" ಎಂದು ಲ್ಯಾಪ್‌ಟಾಪ್ ತೆಗೆದಳು. ಮಾದರಿ ಏನಾಯಿತು ಎಂಬ ಕಡೆ ಬಂದು ನಿಂತಳು.

"ಮಮ್ಮಿ, ಗ್ವಾದಲಿಗೆ ಇಂಗ್ಲಿಷಿನ್ಯಾಗ ಏನಂತಾರ?"

"ಮೇಂಜರ್" ಎಂದೆ ನಾನು, ಕಣ್ಣು ಮಿಟುಕಿಸುವಷ್ಟರಲ್ಲಿ. ಕಾನ್ವೆಂಟಿನಲ್ಲಿ ಪ್ರತಿ ಡಿಸೆಂಬರಿಗೆ ಸಿಸ್ಟರುಗಳು ನಮ್ಮಿಂದ ಹುಲ್ಲು ಹಾಕಿದ ಒಂದು ಗ್ವಾದಲಿ ಮಾಡಿಸುತ್ತಿದ್ದರು, ಬಾಲಯೇಸುವನ್ನು ಮಲಗಿಸಲು. ಔಷಧಿ ಬಾಟಲಿಯ ಚೀಟಿ ಓದಲು ಮಾತ್ರ ಬಳಕೆಯಾಗುತ್ತಿದ್ದ ನನ್ನ ಇಂಗ್ಲಿಷು ಅಂದು ವಿಜ್ಞಾನಕ್ಕೆ ನೆರವಾಯಿತು. "ಮಾದರಿಯನ್ನು ಎರಡು ಎತ್ತುಗಳಿಗೆ ಗ್ವಾದಲಿ ಮಾಡಲು ಬಳಸಲಾಗಿದೆ" ಎಂದು ಅವಳು ಬರೆದಳು. "ಎತ್ತುಗಳೂ ಮಣ್ಣಿನವು" ಎಂದು ನಾನು ಸೇರಿಸಿದೆ. ಇಲ್ಲವಾದರೆ ದನ ತಿಂದಿತೆಂದು ತಿಳಿದಾರು.

ಮಧ್ಯಾಹ್ನ ಮೇಡಂ ಫೋನು ಬಂತು. ನಮಗೆ ಕೇಳಿದ್ದು ಮಗಳ ಮಾತಷ್ಟೇ. "ಹೌದು ಮೇಡಂ... ನಮ್ಮ ಅಜ್ಜಿ, ಮೇಡಂ... ಇಲ್ಲ ಮೇಡಂ, ತುಪ್ಪಾನೂ ಇತ್ತು." ಆ ಮಣ್ಣಿನ ಅರ್ಧ ಭಾಗವನ್ನು ಯಾವಾಗಲೂ ಅವರ ಶೀತಕೋಣೆಯಲ್ಲಿ ತೆಗೆದಿಟ್ಟಿರುತ್ತಾರಂತೆ, ಹೀಗಾಗಿ ಕೆಲಸ ನಿಲ್ಲುವುದಿಲ್ಲ. ಆದರೆ ಬೆಂಗಳೂರಿಗೆ ಒಯ್ಯುವವರು ಬೇರೆ. ಹಡಗಿನ ವಿಷಯ ಆಮೇಲೆ. ಮಗಳು ಹೋಳಿಗೆ ಮುಟ್ಟಲಿಲ್ಲ.

ಮರುದಿನ ಅವಳು ಖಾಲಿ ಡಬ್ಬಿಯೊಂದಿಗೆ ವಾಪಸ್ಸು ಬಸ್ಸು ಹತ್ತುವ ಮೊದಲು ನಾವು ಎತ್ತು, ಗ್ವಾದಲಿಗಳನ್ನು ಆನೆಕೆರೆಗೆ ಬಿಟ್ಟೆವು. ಎತ್ತುಗಳು ಗಟ್ಟಿಯಾಗಿ ಮುಳುಗಿದವು. ಗ್ವಾದಲಿ ಮಾತ್ರ ನೀರು ತಾಗುತ್ತಲೇ ಹೊಗೆಯ ಹಾಗೆ ಹರಡಿ ಕಾಣದಾಯಿತು.

"ಬದುಕ್ತಾವೇನು?" ಎಂದೆ.

"ಉಪ್ಪುನೀರಿನವು ಮಮ್ಮಿ. ಸಾಯ್ತಾವು." ನೀರಿನತ್ತ ಬಗ್ಗಿ ನೋಡಿ, "ಗೊತ್ತಿಲ್ಲ" ಎಂದಳು.

ವಾರದ ನಂತರ ಅವಳಿಂದ ಫೋನು ಬಂತು. ಹಡಗಿನಲ್ಲಿ ಅವಳಿಗೆ ಜಾಗವಿದೆ, ಆದರೆ ಮಣ್ಣು ಮುಟ್ಟುವ ಕೆಲಸವಲ್ಲ, ಡಬ್ಬಿಗಳ ದಾಖಲೆ ಬರೆಯುವ ಕೆಲಸ. ಹೋದ ಮಣ್ಣು ಎಲ್ಲಿ ಹೋಯಿತೆಂದು ಇಷ್ಟು ಸ್ಪಷ್ಟವಾಗಿ ಬರೆದವರನ್ನು ಮೇಡಂ ಈವರೆಗೆ ಕಂಡಿರಲಿಲ್ಲವಂತೆ.

ಅತ್ತೆ ನನ್ನ ಕೈಯಿಂದ ಫೋನು ತೆಗೆದುಕೊಂಡರು. "ಛಲೋ ಆತವಾ. ಬರೂವಾಗ ಒಂದೀಟು ಜಾಸ್ತೀನ ತಾ. ಈ ಸಲ ಬರೇ ಗ್ವಾದಲಿಗೆ ಆತು, ಎತ್ತಿಗೆ ಸಾಲಲಿಲ್ಲ."