ನಡುವಿನ ಬಿಲ್ಲೆ

ಗಾಜಮ್ಮ ಮನುಷ್ಯರನ್ನು ಅಳೆಯುತ್ತಿದ್ದುದು ಅವರು ತೊಳೆಯಲು ವಾಪಸು ಕೊಡುವ ಗಾಜಿನ ತಟ್ಟೆಗಳಿಂದ. ಅಂಚಿನ ಮೇಲೆ ಗುರುತು ಹಾಕಿದ ಶಾಯಿ ಒರೆಸದೆ ಕೊಟ್ಟವರು ಸೋಮಾರಿಗಳು. ಒಂದರ ಮುಚ್ಚಳವನ್ನು ಇನ್ನೊಂದಕ್ಕೆ ಹಾಕಿ ಕೊಟ್ಟವರು ಮುಂದೆ ಸಂಸಾರವನ್ನೂ ಹಾಗೆಯೇ ನಡೆಸುವವರು. ತಟ್ಟೆಯನ್ನು ಬೀರುವಿನಲ್ಲಿ ಮರೆತು, ಒಳಗಿನದು ಒಣಗಿ ಚಕ್ಕಳವಾದ ಮೇಲೆ ತಂದು "ಸಾರಿ ಅಮ್ಮ" ಎನ್ನುವವರಿಗೆ ಅವಳ ಬಳಿ ಹೆಸರೇ ಇರಲಿಲ್ಲ. ಮೂಗಿನಿಂದ ಒಮ್ಮೆ ಉಸಿರು ಬಿಡುತ್ತಿದ್ದಳು, ಅಷ್ಟೇ.

ನಮ್ಮ ಕಾಲೇಜಿನ ಸೂಕ್ಷ್ಮಜೀವಿ ಲ್ಯಾಬಿನಲ್ಲಿ ಅವಳು ಇಪ್ಪತ್ತೆರಡು ವರ್ಷ ಅಟೆಂಡರ್. ಬಂದದ್ದು ನೆಲ ಒರೆಸಲು. ಆಗಿದ್ದ ಹಳೆಯ ಮೇಡಂ, ಬೆನ್ನು ನೇರವಾಗಿದ್ದ ಕಡಿಮೆ ಮಾತಿನ ಹೆಂಗಸು, ಅವಳ ಕೈ ನಡುಗುವುದಿಲ್ಲ ಎಂಬುದನ್ನು ಗಮನಿಸಿ ಅಗರ್ ಸುರಿಯಲು ಕಲಿಸಿದರು. ಅಗರ್ ಎಂದರೆ ಕಡಲಪಾಚಿಯ ಅಂಟು. ಬಿಸಿಯಿದ್ದಾಗ ನೀರು, ಆರಿದರೆ ಗಟ್ಟಿ. ಅದರ ಮೇಲೆ ಬ್ಯಾಕ್ಟೀರಿಯಾ ಸವರಿ, ಔಷಧಿಯಲ್ಲಿ ಅದ್ದಿದ ಕಾಗದದ ಪುಟ್ಟ ಬಿಲ್ಲೆಗಳನ್ನು ಇಟ್ಟು ಒಂದು ದಿನ ಬೆಚ್ಚಗೆ ಬಿಟ್ಟರೆ ತಟ್ಟೆಯ ತುಂಬ ಮಂಜು ಕವಿದಂತೆ ಜೀವಿಗಳು ಬೆಳೆಯುತ್ತವೆ. ಔಷಧಿಗೆ ಶಕ್ತಿಯಿದ್ದ ಕಡೆ ಮಾತ್ರ ಬಿಲ್ಲೆಯ ಸುತ್ತ ತಿಳಿಯಾದ ಒಂದು ಉಂಗುರ ಉಳಿಯುತ್ತದೆ. ಬಿಲ್ಲೆಗಳನ್ನು ಗಾಜಮ್ಮ ಆಫೀಸಿನ ಪಂಚಿಂಗ್ ಮಷಿನ್ನಿನಲ್ಲಿ ಫಿಲ್ಟರ್ ಪೇಪರಿನಿಂದ ಒತ್ತಿ ತೆಗೆಯುತ್ತಿದ್ದಳು. ಫೈಲುಗಳಿಗೆ ತೂತು ಹೊಡೆಯುವುದಕ್ಕಿಂತ ಆ ಮಷಿನ್ನು ಮಾಡಿದ ಘನವಾದ ಕೆಲಸ ಅದೊಂದೇ.

ಮೇಡಂ ಒಂದು ಮಾತು ಹೇಳಿದ್ದರು. "ನೋಡಮ್ಮ, ಸೊಪ್ಪಿನ ಸಾರವನ್ನ ಸ್ಪಿರಿಟ್ಟಲ್ಲಿ ಕರಗಿಸಿರ್ತೀವಿ. ಬಿಲ್ಲೆ ಅದ್ದಿದ ಮೇಲೆ ಸ್ಪಿರಿಟ್ ಪೂರ್ತಿ ಹಾರಿಹೋಗೋ ತನಕ ಫ್ಯಾನಿನ ಕೆಳಗೆ ಒಣಗಿಸು. ತಟ್ಟೆಯ ನಡುವೆ ಬರೀ ಸ್ಪಿರಿಟ್ಟಲ್ಲಿ ಅದ್ದಿದ ಒಂದು ಬಿಲ್ಲೆ ಇಡು. ಅದು ಉಂಗುರ ಬಿಡದೆ ತೆಪ್ಪಗಿದ್ರೆ ಮಾತ್ರ ಸುತ್ತಲಿನವು ಹೇಳೋದು ನಿಜ."

ಮೇಡಂ ನಿವೃತ್ತರಾದರು. ಅವರ ಕುರ್ಚಿಗೆ ಬಂದವರು ಸೊಪ್ಪಿನ ಮೇಷ್ಟ್ರು.

ಗಾಜಮ್ಮನ ಹಾಗೆ ಅವರಿಗೂ ನಿಜವಾದ ಹೆಸರು ಬೇರೆ ಇತ್ತು. ಬಾಗಿಲ ಮೇಲೆ ಹಿತ್ತಾಳೆಯಲ್ಲಿ ಹೊಳೆಯುತ್ತಿತ್ತು. ಆದರೆ ಭುಜದ ಮೇಲೊಂದು ಚೀಲ, ಚೀಲದ ತುಂಬ ಕಿತ್ತ ಎಲೆ. ಆ ಮನುಷ್ಯನಿಗೆ ಬೇರೆ ಹೆಸರು ಹೊಂದುತ್ತಿರಲಿಲ್ಲ. ರಸ್ತೆ ಬದಿಯ ಯಾವ ಗಿಡವೂ ಅವರ ಕೈಯಿಂದ ಪೂರ್ತಿಯಾಗಿ ಪಾರಾಗಿರಲಿಲ್ಲ. ನೆರಳಲ್ಲಿ ಒಣಗಿಸು, ಪುಡಿ ಮಾಡು, ಸ್ಪಿರಿಟ್ಟಿನಲ್ಲಿ ನೆನೆಸು, ಸೋಸು, ಬಾಟಲಿಗೆ ತುಂಬು. ಎಂಬತ್ತು ಬಾಟಲಿಗಳು ಗೋಡೆಯುದ್ದಕ್ಕೂ ನಿಂತಿದ್ದವು. ಒಂದೊಂದರ ಮೇಲೂ ಅವರು ಒಂದೊಂದು ಲೇಖನ ಬರೆದರು. ಎಲ್ಲ ಲೇಖನಗಳ ಕೊನೆಯ ಸಾಲೂ ಒಂದೇ: ಈ ಸಸ್ಯವು ಬ್ಯಾಕ್ಟೀರಿಯಾ ಮತ್ತು ವೈರಸ್ ಸೋಂಕುಗಳಿಗೆ ಭರವಸೆಯ ಮದ್ದು. ವೈರಸ್ ಬೆಳೆಸುವ ಸೌಕರ್ಯ ನಮ್ಮ ಲ್ಯಾಬಿನಲ್ಲಿ ಎಂದೂ ಇರಲಿಲ್ಲ. ಓದುವ ಹುಡುಗಿಯರು ಮನೆಯಿಂದ ತರುತ್ತಿದ್ದ ನೆಗಡಿ ಬಿಟ್ಟರೆ ಆ ಕೋಣೆಗೆ ಯಾವ ವೈರಸ್ಸೂ ಕಾಲಿಟ್ಟಿರಲಿಲ್ಲ. ಆ ನೆಗಡಿ ಮೇಷ್ಟ್ರಿಗೆ ತಗುಲಿದಾಗ ಅವರು ಗೋಡೆಯ ಬಾಟಲಿಗಳ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಅವರ ಬಿಳಿ ಕೋಟನ್ನು ಒಗೆಯುವವಳು ಗಾಜಮ್ಮ. ಜೇಬಿನಿಂದ ಖಾಲಿ ಮಾತ್ರೆ ಪಟ್ಟಿಗಳು ಬಿದ್ದಾಗಲೆಲ್ಲ ಅವನ್ನು ಎತ್ತಿ, ಔಷಧಿ ಅಂಗಡಿಯ ಮಾತ್ರೆಯೆಂದು ಓದಿ, ಕಸದ ಬುಟ್ಟಿಗೆ ಹಾಕುತ್ತಿದ್ದಳು. ಮೂಗಿನಿಂದ ಉಸಿರು.

ಮೇಷ್ಟ್ರು ಪ್ರಸಿದ್ಧರಾದದ್ದು ಕರೆಂಟು ಹೋದ ಒಂದು ದಿನ. ಮರುದಿನ ತಪಾಸಣೆಯ ತಂಡ ಬರುವುದಿತ್ತು. ಫ್ಯಾನು ನಿಂತಿತ್ತು, ಬಿಲ್ಲೆಗಳು ಒದ್ದೆಯಾಗಿದ್ದವು.

"ಸಾರ್, ಇನ್ನೂ ಒಣಗಿಲ್ಲ," ಎಂದಳು ಗಾಜಮ್ಮ.

"ಒಣಗೋ ತನಕ ಅವರು ಕಾಯ್ತಾರೇನಮ್ಮ? ಇಡು, ಇಡು."

ಇಟ್ಟಳು. ಮರುದಿನ ಪ್ರತಿ ಬಿಲ್ಲೆಯ ಸುತ್ತಲೂ ಹೆಬ್ಬೆಟ್ಟಿನಷ್ಟು ಅಗಲದ ಉಂಗುರ. ಮೇಷ್ಟ್ರು ತಟ್ಟೆಯನ್ನು ಕಿಟಕಿಗೆ ಹಿಡಿದು ಮಗು ಹುಟ್ಟಿದವರ ಹಾಗೆ ನಕ್ಕರು. ನಡುವಿನ ಬಿಲ್ಲೆಯ ಸುತ್ತಲೂ ಅಷ್ಟೇ ಅಗಲದ ಉಂಗುರವಿತ್ತು. ಅದರಲ್ಲಿ ಯಾವ ಸೊಪ್ಪೂ ಇರಲಿಲ್ಲ. ಅಂದರೆ ಕೊಂದದ್ದು ಸೊಪ್ಪಲ್ಲ, ಸ್ಪಿರಿಟ್ಟು.

"ಸಾರ್, ನಡುವಿಂದೂ..."

"ನೀನು ತೊಳೆಯೋದು ನೋಡ್ಕೊಳಮ್ಮ," ಎಂದರು ಮೇಷ್ಟ್ರು. ಸಂಜೆಯೊಳಗೆ ಅಪ್ಪಣೆಯಾಯಿತು: ಇನ್ನು ಮುಂದೆ ಬಿಲ್ಲೆ ಒಣಗಿಸಬೇಕಿಲ್ಲ, ನಡುವೆ ಏನೂ ಇಡಬೇಕಿಲ್ಲ. ಪತ್ರಿಕೆಯಲ್ಲಿ ಬಂದ ಫೋಟೋದಲ್ಲಿ ತಟ್ಟೆಯ ಮಧ್ಯದ ಮೇಲೆ ಅವರ ಹೆಬ್ಬೆರಳಿತ್ತು.

ಗಾಜಮ್ಮ ಬಾಯಿ ಮುಚ್ಚಿದಳು. ಹೆದರಿಕೆಯಿಂದಲ್ಲ, ಈ ಮನುಷ್ಯನ ಜೊತೆ ಮಾತಾಡುವುದೇ ತನಗೆ ಕಡಿಮೆ ಎಂಬ ಠೀವಿಯಿಂದ. ನಾಲ್ಕು ವರ್ಷ ಹಾಗೆಯೇ ಇದ್ದಳು. ಮೇಷ್ಟ್ರು ಇಪ್ಪತ್ತಮೂರನೆಯ ನಂಬರಿನ ಸೊಪ್ಪಿನ ಸಾರವನ್ನು ಚಿಕ್ಕ ಬಾಟಲಿಗಳಲ್ಲಿ ತುಂಬಿಸಿ, ಹಸಿರು ಚೀಟಿ ಅಂಟಿಸಿ, ಕಾಲೇಜಿನ ಸೊಸೈಟಿ ಅಂಗಡಿಯಲ್ಲಿ ಇಡಿಸಿದರು. 'ಗಾಯ, ಕೀವು, ಜ್ವರ, ನೆಗಡಿ: ಬ್ಯಾಕ್ಟೀರಿಯಾ, ವೈರಸ್ ಎರಡಕ್ಕೂ.' ಊರಿನವರು ಸಾಲು ನಿಂತು ಕೊಂಡರು. ಗಾಜಮ್ಮ ಊಟದ ಡಬ್ಬಿ ಹಿಡಿದು ಆ ಸಾಲನ್ನು ದಾಟುವಾಗ ಒಬ್ಬೊಬ್ಬರ ಮುಖವನ್ನೂ ನೋಡಿಕೊಂಡು ಹೋಗುತ್ತಿದ್ದಳು. ಕೊಳ್ಳಲಿ. ಎಲೆ ಎಂದ ಕೂಡಲೇ ಬುದ್ಧಿಯನ್ನು ಚಪ್ಪಲಿಯ ಹಾಗೆ ಬಾಗಿಲಲ್ಲಿ ಬಿಡುವವರಿಗೆ ಯಾರು ಏನು ಹೇಳಿಯಾರು?

ಅವಳ ತಂಗಿ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. ಅಕ್ಕನಿಗಿಂತ ಎಂಟು ವರ್ಷ ಚಿಕ್ಕವಳು, ಮಾತಿನಲ್ಲಿ ಎಂಟು ಪಟ್ಟು ಮುಂದೆ. ಒಂದು ದಿನ ಇಸ್ತ್ರಿಪೆಟ್ಟಿಗೆ ಜಾರಿ ಬಿದ್ದು ಮೊಣಕಾಲಿನ ಕೆಳಗೆ ಸುಟ್ಟಿತು. ಆಸ್ಪತ್ರೆಯ ನರ್ಸು ಪಟ್ಟಿ ಕಟ್ಟಿ, ಮಾತ್ರೆ ಕೊಟ್ಟು, ಮೂರನೆಯ ದಿನ ಬಾ ಎಂದಿದ್ದಳು. ತಂಗಿ ಹೋಗಲಿಲ್ಲ, ಹೋಗಲಿಲ್ಲ ಎಂದು ಅಕ್ಕನಿಗೆ ಹೇಳಲೂ ಇಲ್ಲ. ಒಂಬತ್ತನೆಯ ದಿನ, ರಜೆಯ ಮಧ್ಯಾಹ್ನ, ಗಾಜಮ್ಮ ಅವಳ ಮನೆಯ ಹೊಸಿಲು ದಾಟಿದಾಗ ಮೊದಲು ಎದುರಾದದ್ದು ತಂಗಿಯಲ್ಲ, ವಾಸನೆ. ಹಳಸಿದ ದ್ರಾಕ್ಷಿಯಂಥ ತೆಳ್ಳಗಿನ ಸಿಹಿ ವಾಸನೆ. ಹಸಿರು ಬಣ್ಣ ಬಿಡುವ ಒಂದು ಜಾತಿಯ ಬ್ಯಾಕ್ಟೀರಿಯಾ ತಟ್ಟೆಯ ಮುಚ್ಚಳ ತೆಗೆದಾಗಲೆಲ್ಲ ಅದೇ ವಾಸನೆ ಕೊಡುತ್ತಿತ್ತು. ಲ್ಯಾಬಿನಲ್ಲಿ ಅದಕ್ಕೆ ಅವಳು ಮೂಗು ಸಿಂಡರಿಸಿದ್ದೂ ಇಲ್ಲ. ಇಲ್ಲಿ ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ನಡೆದಳು.

"ಪಟ್ಟಿ ಬಿಚ್ಚು."

"ಬಂದ್ಯಾ ದೊಡ್ಡ ಡಾಕ್ಟ್ರಮ್ಮ! ಕೂತ್ಕೋ, ಟೀ ಕುಡಿ ಮೊದ್ಲು."

"ಬಿಚ್ಚೇ ಅಂದೆ."

ಬಿಚ್ಚಿದಳು. ಕಾಲು ಊದಿ ಹೊಳೆಯುತ್ತಿತ್ತು. ಹತ್ತಿಯ ಮೇಲೆ ಹಸಿರು ಕೀವು. ಪಕ್ಕದ ಸ್ಟೂಲಿನ ಮೇಲೆ ಹಸಿರು ಚೀಟಿಯ ಬಾಟಲಿ, ಮುಕ್ಕಾಲು ಖಾಲಿ.

"ಮಾತ್ರೆ?"

"ಹೊಟ್ಟೆ ಉರಿಯುತ್ತೆ ಅಕ್ಕ, ಬಿಟ್ಟೆ. ಇದು ಸೊಪ್ಪಿಂದು, ಏನೂ ಮಾಡಲ್ಲ. ಹಾಕಿದ್ರೆ ಜೀವ ಹೋಗೋಷ್ಟು ಉರಿಯುತ್ತೆ, ಅಂದ್ರೆ ಕೆಲಸ ಮಾಡ್ತಿದೆ ಅಂತಾನೇ ಅಲ್ವಾ?"

"ಉರಿಯೋದು ಸ್ಪಿರಿಟ್ಟು ಕಣೇ, ದಡ್ಡಿ! ನಡಿ ಆಸ್ಪತ್ರೆಗೆ."

"ಬರಲ್ಲ. ಕಾಲು ಕುಯ್ತಾರೆ. ಇನ್ನೊಂದು ಬಾಟಲಿ ಹಾಕಿ ನೋಡ್ತೀನಿ."

"ಅದರಲ್ಲಿ ಏನೂ ಇಲ್ವೇ!"

ತಂಗಿ ಅಕ್ಕನನ್ನೇ ನೋಡಿದಳು. ಗೇಲಿಯಿಲ್ಲದೆ, ತೀರಾ ಸಾದಾ ದನಿಯಲ್ಲಿ ಕೇಳಿದಳು: "ಏನಕ್ಕ ಹಂಗಂತೀಯ? ನಿನ್ನ ಲ್ಯಾಬಿಂದೇ ಬರೋದು ಅಂತಾನೇ ನಾನು ತಂದಿದ್ದು. ಕೆಟ್ಟದ್ದಾಗಿದ್ರೆ ನಾಲ್ಕು ವರ್ಷದಲ್ಲಿ ನೀನು ಒಂದ್ಸಲ ಹೇಳ್ತಿರ್ಲಿಲ್ವಾ?"

ಗಾಜಮ್ಮ ಬಾಟಲಿಯನ್ನು ಎತ್ತಿ ಹಸಿರು ಚೀಟಿ ಓದಿದಳು. ಈ ಸಲ ಮೂಗಿನಿಂದ ಉಸಿರು ಬರಲಿಲ್ಲ. ಸಾಲಿನಲ್ಲಿ ನಿಂತವರ ಮುಖಗಳನ್ನು ಅಷ್ಟು ವರ್ಷ ನೋಡಿದ್ದಳಲ್ಲ, ಅವರೆಲ್ಲರ ಹಿಂದೆ ತಾನೂ ನಿಂತಿದ್ದಳು, ಬಾಯಿಗೆ ಬೀಗ ಹಾಕಿಕೊಂಡು.

ಎಷ್ಟು ಬೈದರೂ ತಂಗಿ ಏಳಲಿಲ್ಲ. ಕೊನೆಗೆ ಗಾಜಮ್ಮ, "ನಾಳೆ ಮಧ್ಯಾಹ್ನ ಲ್ಯಾಬಿಗೆ ಬಾ. ನಿನ್ನ ಕಾಲಲ್ಲಿರೋದನ್ನೇ ನಿನ್ನ ಬಾಟಲಿಗೆ ಕೊಟ್ಟು ತೋರಿಸ್ತೀನಿ. ನಾನು ಸುಳ್ಳಾದ್ರೆ ಇನ್ನೊಂದು ಬಾಟಲಿ ನಾನೇ ತಂದ್ಕೊಡ್ತೀನಿ. ನಿಜ ಆದ್ರೆ ಅಲ್ಲಿಂದ ಸೀದಾ ಆಸ್ಪತ್ರೆ," ಎಂದಳು. ತಂಗಿಗೆ ಪಂದ್ಯವೆಂದರೆ ಪ್ರಾಣ. ಒಪ್ಪಿದಳು.

ಹತ್ತಿಕಡ್ಡಿಯಲ್ಲಿ ಕೀವು ಮುಟ್ಟಿಸಿಕೊಂಡು ಗಾಜಮ್ಮ ನೇರ ಕಾಲೇಜಿಗೆ ಹೋಗಿ ಕಾವಲುಗಾರನಿಂದ ಬೀಗ ತೆಗೆಸಿದಳು. ಒಂದು ತಟ್ಟೆ, ನಾಲ್ಕು ಬಿಲ್ಲೆ. ಮೊದಲನೆಯದು ಬಾಟಲಿಯ ಸಾರದಲ್ಲಿ ಅದ್ದಿದ್ದು, ಒದ್ದೆ, ಮೇಷ್ಟ್ರ ಪದ್ಧತಿಯಂತೆ. ಎರಡನೆಯದು ಅದೇ ಸಾರದ್ದು, ಫ್ಯಾನಿನ ಕೆಳಗೆ ಒಂದು ಗಂಟೆ ಒಣಗಿಸಿದ್ದು. ಮೂರನೆಯದು ಆಸ್ಪತ್ರೆಯವರು ಬಳಸುವ ಔಷಧಿಯ ಬಿಲ್ಲೆ, ಫ್ರಿಜ್ಜಿನ ಡಬ್ಬಿಯಿಂದ ತೆಗೆದದ್ದು. ನಾಲ್ಕನೆಯದನ್ನು ಬರೀ ಸ್ಪಿರಿಟ್ಟಿನಲ್ಲಿ ಅದ್ದಿ, ಒದ್ದೆಯಾಗಿಯೇ, ನಾಲ್ಕು ವರ್ಷಗಳ ನಂತರ ತಟ್ಟೆಯ ನಡುವೆ ಇಟ್ಟಳು. ಆ ಒಂದು ಗಂಟೆ ಫ್ಯಾನು ತಿರುಗುವುದನ್ನು ನೋಡುತ್ತ ಕೂತಿದ್ದು ಅವಳ ಬದುಕಿನ ಅತಿ ಉದ್ದದ ಗಂಟೆ. ತಂಗಿಯ ಕಾಲು ಅಲ್ಲಿ ಕೊಳೆಯುತ್ತಿತ್ತು. ಇಲ್ಲಿ ಕಾಗದ ಒಣಗಬೇಕಿತ್ತು.

ಮರುದಿನ ತಂಗಿ ಗೋಡೆ ಹಿಡಿದುಕೊಂಡು ಬಂದಳು. ಮುಖದಲ್ಲಿ ಜ್ವರ. ಗಾಜಮ್ಮ ಮುಚ್ಚಳ ತೆಗೆಯದೆ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು.

"ಈ ಹಸಿರು ಮಂಜೆಲ್ಲ ನಿನ್ನ ಕಾಲಿಂದು. ಇದು ನಿನ್ನ ಬಾಟಲಿ, ಒದ್ದೆ."

"ನೋಡು, ಎಷ್ಟು ದೊಡ್ಡ ಉಂಗುರ! ನಾನು ಹೇಳ್ಲಿಲ್ವಾ?"

"ನಡುವಿಂದು ನೋಡು. ಅದರಲ್ಲಿ ಸೊಪ್ಪೇ ಇಲ್ಲ."

ತಂಗಿ ಕಣ್ಣು ಕಿರಿದು ಮಾಡಿದಳು. "ಅಷ್ಟೇ ಇದೆ."

"ಇದು ನಿನ್ನ ಬಾಟಲಿಯದೇ, ಒಣಗಿಸಿದ್ದು."

ಆ ಬಿಲ್ಲೆಯ ಮೈಗೆ ತಾಗಿಕೊಂಡೇ ಹಸಿರು ಬೆಳೆದಿತ್ತು. ಕೂದಲೆಳೆಯಷ್ಟೂ ಜಾಗ ಬಿಟ್ಟಿರಲಿಲ್ಲ. ಉಳಿದೊಂದು ಬಿಲ್ಲೆಯನ್ನು, ತಟ್ಟೆಯ ಅರ್ಧವನ್ನೇ ತಿಳಿಯಾಗಿಸಿದ ಆಸ್ಪತ್ರೆಯ ಬಿಲ್ಲೆಯನ್ನು, ತೋರಿಸಬೇಕಾದ ಅಗತ್ಯವೇ ಬೀಳಲಿಲ್ಲ. ತಂಗಿ ಅದನ್ನು ತಾನೇ ನೋಡುತ್ತಿದ್ದಳು.

ಅಷ್ಟರಲ್ಲಿ ಮೇಷ್ಟ್ರು ಚೀಲದ ಸಮೇತ ಒಳಗೆ ಬಂದರು. "ಏನಮ್ಮ ಇದು? ನಡುವೆ ಬಿಲ್ಲೆ ಇಡು ಅಂತ ಯಾರು ಹೇಳಿದ್ದು?"

"ನಾನೇ ಹೇಳ್ಕೊಂಡೆ ಸಾರ್."

"ಸಾರ್," ಎಂದಳು ತಂಗಿ, ಬೆಂಚಿಗೆ ಒರಗಿಕೊಂಡೇ, "ಈ ಕಾಲು ನಿಮ್ಮದಾಗಿದ್ರೆ ಈ ಬಾಟಲಿ ಹಾಕ್ತಿದ್ರಾ?"

ಮೇಷ್ಟ್ರು ಕಾಲನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದರು. "ನೋಡಮ್ಮ, ಇದು ಪ್ರಾಥಮಿಕ ಹಂತದ ಸಂಶೋಧನೆ. ಚೀಟಿ ಮೇಲೆ ಬರೆದದ್ದು ಸೊಸೈಟಿಯವರು. ವ್ಯಕ್ತಿಯ ದೇಹಪ್ರಕೃತಿ ಮೇಲೆ..."

"ಅವರು ಹಾಕಲ್ಲ," ಎಂದಳು ಗಾಜಮ್ಮ. "ಅವರಿಗೆ ಗಂಟಲು ಕೆರೆದ್ರೂ ಅಂಗಡಿ ಮಾತ್ರೆ. ಕೋಟು ಒಗೆಯೋಳು ನಾನು."

ನಾಲ್ಕು ವರ್ಷದ ಮೌನ ಇಷ್ಟು ಚಿಕ್ಕ ಮಾತಿಗೆ ಒಡೆಯಿತು. ಮೇಷ್ಟ್ರು ಚೀಲದ ಪಟ್ಟಿ ಸರಿಮಾಡಿಕೊಂಡರು, ಕ್ಲಾಸಿದೆ ಎಂದರು. ಆ ಹೊತ್ತಿಗೆ ಕ್ಲಾಸಿರಲಿಲ್ಲ.

ತಂಗಿ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದಳು. ಅಂಗೈಯಷ್ಟು ಮಾಂಸ ತೆಗೆದರು. ಇನ್ನು ಎರಡು ದಿನ ಬಿಟ್ಟಿದ್ದರೆ ಮೊಣಕಾಲಿನ ಮಾತೇ ಬೇರೆಯಾಗುತ್ತಿತ್ತು ಎಂದರು ಡಾಕ್ಟರು. ಕಾಲು ಉಳಿಯಿತು, ತುಸು ಕುಂಟಿನೊಂದಿಗೆ. ಗಾಜಮ್ಮ ಆ ಹನ್ನೊಂದು ದಿನವೂ ಊಟದ ಬಿಡುವಿನಲ್ಲಿ ಸೊಸೈಟಿ ಅಂಗಡಿಯ ಮುಂದೆ ಡಬ್ಬಿ ಬಿಚ್ಚಿ ಕೂತು, ಬಾಟಲಿ ಕೇಳಿ ಬಂದವರಿಗೆಲ್ಲ ತುತ್ತಿನ ನಡುವೆಯೇ ಹೇಳಿದಳು: "ಸ್ಪಿರಿಟ್ಟು ಅದು. ಗಾಯ ಇದ್ರೆ ಆಸ್ಪತ್ರೆಗೆ ಹೋಗಿ." ಕೆಲವರು ವಾಪಸು ಹೋದರು. ಕೆಲವರು, ಅಟೆಂಡರಿಗೇನು ಗೊತ್ತು ಎಂದು ಎರಡೆರಡು ಕೊಂಡರು. ತಿಂಗಳ ಕೊನೆಗೆ ಹಸಿರು ಚೀಟಿ ಬದಲಾಗಿ 'ಮೈಕೈ ನೋವಿಗೆ' ಎಂದಾಯಿತು. ಮೇಷ್ಟ್ರಿಗೆ ಅದೇ ವರ್ಷ ಬಡ್ತಿಯೂ ಆಯಿತು. ಅಂಥವರಿಗೆ ಆಗುವುದು ಅದೇ.

ಗಾಜಮ್ಮ ಮಾಡಿದ ಇನ್ನೊಂದು ಕೆಲಸ ಹೆಚ್ಚಿನವರಿಗೆ ಗೊತ್ತಿಲ್ಲ. ಎಂಬತ್ತು ಬಾಟಲಿಗಳನ್ನೂ ಒಂದೊಂದಾಗಿ ಇಳಿಸಿ, ಬಿಲ್ಲೆ ಅದ್ದಿ, ಒಣಗಿಸಿ, ನಡುವಿನ ಬಿಲ್ಲೆಯೊಂದಿಗೆ ತಟ್ಟೆಗೆ ಇಟ್ಟಳು. ಒಂದಕ್ಕೂ ಯೋಗ್ಯತೆಯಿಲ್ಲವೆಂದು ಕಣ್ಣಾರೆ ಕಂಡು ಮನಸ್ಸು ತಣ್ಣಗೆ ಮಾಡಿಕೊಳ್ಳಬೇಕಿತ್ತು. ಎಪ್ಪತ್ತೊಂಬತ್ತು ಹಾಗೆಯೇ ಸೋತವು. ಅರವತ್ತೊಂದನೆಯದು, ಸೈಕಲ್ ಸ್ಟ್ಯಾಂಡಿನ ಹಿಂದಿನ ಯಾವುದೋ ಕಳೆ, ಒಣಗಿದ ಮೇಲೂ ಸಣ್ಣ ಉಂಗುರ ಬಿಟ್ಟಿತು. ನಡುವಿನ ಬಿಲ್ಲೆ ತೆಪ್ಪಗಿತ್ತು. ಸಿಟ್ಟಿನಿಂದ ಮತ್ತೆ ಮೂರು ಸಲ ಇಟ್ಟಳು. ಮೂರು ಸಲವೂ ಬಂತು. ಮೇಷ್ಟ್ರಿಗೆ ತೋರಿಸಿದಾಗ ಅವರು ಸ್ಕೇಲು ಹಿಡಿದು, "ಇಷ್ಟೇನಾ? ಇದನ್ನ ಯಾರು ಅಚ್ಚು ಹಾಕ್ತಾರಮ್ಮ?" ಎಂದು ತಟ್ಟೆಯನ್ನು ತೊಟ್ಟಿಗೆ ಹಾಕಿದರು.

ಆ ಸಂಜೆ ತಂಗಿ ಕಾಲು ಚಾಚಿ ಕೂತು ಕೇಳಿದಳು: "ಹಂಗಾದ್ರೆ ಅಷ್ಟೂ ಸೊಪ್ಪಲ್ಲಿ ಒಂದೂ ಕೆಲಸದ್ದಿಲ್ವಾ ಅಕ್ಕ?"

"ಒಂದಿದೆ. ಮೂರು ಮಿಲಿಮೀಟರ್."

"ಅಂದ್ರೆ ನನ್ನ ಕಾಲಿಗೆ ಆಗ್ತಿತ್ತಾ?"

ಗಾಜಮ್ಮ ಅವಳ ಪಟ್ಟಿಯ ತುದಿಯನ್ನು ಎತ್ತಿ, ಬಗ್ಗಿ ಮೂಸಿ ನೋಡಿದಳು. ಯಾವ ವಾಸನೆಯೂ ಇರಲಿಲ್ಲ.

"ಇಲ್ಲ ಕಣೇ," ಎಂದಳು. "ಅದಿನ್ನೂ ತಟ್ಟೆಗೆ ಮಾತ್ರ. ಮಾತ್ರೆ ನುಂಗು."