ಅಡುಗೆಯವಳಿಗೆ ಕೊಟ್ಟ ದನಿ

ನಾನು ಹೋದದ್ದು ದೊರೆಸಾನಿಯ ಪಾತ್ರಕ್ಕೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಮೇಲೆ ಆದದ್ದಕ್ಕೆಲ್ಲ ನನಗೆ ಉಳಿದಿರುವ ಸಮಾಧಾನ ಅದೊಂದೇ.

ನನ್ನದು ಕಂಠದಾನದ ಕೆಲಸ. ಬೇರೆ ಭಾಷೆಯ ಧಾರಾವಾಹಿಗಳಲ್ಲಿ ಬರುವ ಹೆಂಗಸರಿಗೆ ಕನ್ನಡದಲ್ಲಿ ದನಿ ಕೊಡುತ್ತೇನೆ. ಆ ಸಲ ಬಂದದ್ದು ಹಳೆಯ ಕಾಲದ ವಿಲಾಯಿತಿ ಮನೆತನವೊಂದರ ಹಾಸ್ಯ ಧಾರಾವಾಹಿ. ಮಹಡಿಯ ಮೇಲೆ ದೊರೆ, ದೊರೆಸಾನಿ, ಅವರ ಸೋಮಾರಿ ಮಕ್ಕಳು. ನೆಲಮಾಳಿಗೆಯಲ್ಲಿ ಬಟ್ಲರು, ಅಡುಗೆಯವಳು, ಪಾತ್ರೆ ತೊಳೆಯುವವಳು. ನಮ್ಮ ಸ್ಟುಡಿಯೋ ಇಂದಿರಾನಗರದ ಬಂಗಲೆಯೊಂದರ ಹಿತ್ತಿಲಲ್ಲಿದೆ. ಬಂಗಲೆ ಈಗ ಕಾಫಿ ಕುಡಿಯುವ ಜಾಗ. ಹಿಂದೆ ಮನೆಗೆಲಸದವರು ಮಲಗುತ್ತಿದ್ದ ಕೋಣೆಯ ಗೋಡೆಗೆ ಸದ್ದು ತಡೆಯುವ ಸ್ಪಂಜು ಬಡಿದು ನಮಗೆ ಕೊಟ್ಟಿದ್ದಾರೆ. ಅಲ್ಲಿ ನಿಂತು ದೊರೆಸಾನಿಯ ಹಾಗೆ ಮಾತನಾಡುವುದು ನನಗೆ ಕಷ್ಟವೇನಿರಲಿಲ್ಲ. ರಾಯಚೂರಿನ ಕಡೆಯಿಂದ ಬಂದ ಮೇಲೆ ಎಂಟು ವರ್ಷ ನಾಲಿಗೆಯನ್ನು ಉಜ್ಜಿ ಉಜ್ಜಿ ತೊಳೆದಿದ್ದೆ. ಯಾರಾದರೂ "ನೀವು ಬಸವನಗುಡಿಯವರಾ?" ಎಂದರೆ ಹಿರಿಹಿರಿ ಹಿಗ್ಗುತ್ತಿದ್ದೆ.

ಮೊದಲ ದಿನವೇ ಬಿಸಿ ಚಹಾ ತೊಡೆಯ ಮೇಲೆ ಚೆಲ್ಲಿತು. "ಯವ್ವಾ, ಸುಟ್ಟು ಹೋತಬೇ!" ಎಂದು ಚೀರಿದೆ. ನಿರ್ದೇಶಕ ಕುರ್ಚಿಯಿಂದ ಎದ್ದೇ ಬಿಟ್ಟ.

"ಇದೇ ಗುರು, ಇದೇ ಬೇಕಿತ್ತು! ನೀವು ಅಡುಗೆಯವಳಿಗೆ ಮಾಡ್ಬಿಡಿ. ನಿಮ್ ಕಡೆ ಭಾಷೇಲೇ ಮಾಡಿ, ಸಖತ್ ಕಾಮಿಡಿ ಆಗತ್ತೆ."

"ಹಾಗಾದ್ರೆ ದೊರೆಸಾನಿ ಯಾವ ಭಾಷೆ ಮಾತಾಡ್ತಾಳೆ?" ಎಂದೆ.

"ಅವ್ಳು ನಾರ್ಮಲ್ಲಾಗಿ ಮಾತಾಡ್ತಾಳೆ."

ಪಾಪ, ಅವನಿಗೆ ಕೆಟ್ಟ ಉದ್ದೇಶವೇನೂ ಇರಲಿಲ್ಲ. ನಮ್ಮ ಕಸುಬಿನಲ್ಲಿ ಇದು ಹೊಸದೂ ಅಲ್ಲ. ಮಹಡಿಯವರಿಗೆ ಪುಸ್ತಕದ ಕನ್ನಡ. ಮೆಟ್ಟಿಲು ಇಳಿದವರಿಗೆ ರಾಯಚೂರೋ ಮಂಡ್ಯವೋ ಯಾವುದೋ ಒಂದು. ಅಂಥ ಎಷ್ಟೋ ಪಾತ್ರಗಳನ್ನು ಕೇಳಿ ನಾನೂ ನಕ್ಕಿದ್ದೇನೆ. ಒಪ್ಪಿಕೊಂಡೆ.

ಒಪ್ಪಿಕೊಂಡ ಮೇಲೆ ಅರೆಮನಸ್ಸಿನಿಂದ ಮಾಡುವ ಜಾಯಮಾನ ನನ್ನದಲ್ಲ. ಬೈಯಪ್ಪನಹಳ್ಳಿಯ ಬಾಡಿಗೆ ಕೋಣೆಯಲ್ಲಿ ಅವ್ವ ನನ್ನ ಜೊತೆಗೇ ಇದ್ದಾಳೆ. ರೊಟ್ಟಿ ಬಡಿಯುತ್ತ ಅವಳು ತನ್ನಷ್ಟಕ್ಕೆ ಗೊಣಗುವುದು, ಸಿಟ್ಟು ಬಂದಾಗ ಮಾತಿನ ಕೊನೆಯನ್ನು ಎಳೆಯುವುದು, ಉಸಿರು ಬಿಟ್ಟು "ಶಿವನೇ" ಎನ್ನುವುದು, ಎಲ್ಲವನ್ನೂ ಎತ್ತಿಕೊಂಡು ಹೋಗಿ ಆ ವಿಲಾಯಿತಿ ಅಡುಗೆಯವಳ ಬಾಯಿಗೆ ಇಟ್ಟೆ. ಅವ್ವನನ್ನು ಒಂದು ಮಾತು ಕೇಳಲಿಲ್ಲ. ಸ್ಟುಡಿಯೋದಲ್ಲಿ ಎಲ್ಲರೂ ಬಿದ್ದು ಬಿದ್ದು ನಕ್ಕರು. ನಮ್ಮ ಮಾತು ಟಿವಿಯಲ್ಲಿ ಬರುವುದು ಹೆಮ್ಮೆಯಲ್ಲವೇ ಎಂದು ನನಗೆ ನಾನೇ ಹೇಳಿಕೊಂಡೆ. ಆದರೂ ಅವ್ವ ಅದನ್ನು ನೋಡುವ ದಿನ ನೆನೆದರೆ ಹೆದರಿಕೆಯಾಗುತ್ತಿತ್ತು. ನಾನು ಅವಳನ್ನು ಆಡಿಕೊಂಡೆನೆಂದು ಅವಳಿಗೆ ಅನ್ನಿಸಿದರೆ?

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಒಂದು ಭಾನುವಾರ ಮಧ್ಯಾಹ್ನ ಧಾರಾವಾಹಿ ಬಂತು. ಅವ್ವ ವಠಾರದ ಹೆಂಗಸರನ್ನೆಲ್ಲ ಕರೆದಿದ್ದಳು. ಎಲ್ಲರೂ ನಮ್ಮ ಕಡೆಯವರೇ. ಮಂಡಾಳ ಒಗ್ಗರಣೆಯ ತಟ್ಟೆ ಹಿಡಿದು ಗೋಡೆಗೆ ಒರಗಿ ಕೂತರು. ಅಡುಗೆಯವಳು ಬಾಯಿ ತೆರೆದದ್ದೇ ತಡ, ಪಕ್ಕದ ಕೋಣೆಯಾಕೆ ಅವ್ವನ ತೊಡೆಗೆ ಹೊಡೆದು, "ಏ, ಈಕಿ ಥೇಟ್ ನಿನ್ನಂಗ ಅದಾಳಲ್ಲಬೇ!" ಎಂದಳು. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನನಗೆ ಜೀವ ಬಂದ ಹಾಗಾಯಿತು.

ಆಮೇಲೆ ಆ ದೃಶ್ಯ ಬಂತು. ಮಹಡಿಯಲ್ಲಿ ದೊಡ್ಡ ದೊಡ್ಡ ಅತಿಥಿಗಳು ಕೂತಿದ್ದಾರೆ. ಬಟ್ಲರಿಗೆ ಜ್ವರ. ಬೇರೆ ದಾರಿಯಿಲ್ಲದೆ ಅಡುಗೆಯವಳೇ ಮೇಲೆ ಹೋಗಿ, "ಊಟಕ್ಕ ಬರ್ರಿ, ಎಲ್ಲಾ ಆರಾಕತ್ತೈತಿ" ಎನ್ನುತ್ತಾಳೆ. ಅತಿಥಿಗಳು ಒಬ್ಬರ ಮುಖ ಒಬ್ಬರು ನೋಡಿ ಬಾಯಿಗೆ ಕರವಸ್ತ್ರ ಹಿಡಿಯುತ್ತಾರೆ. ಹಿನ್ನೆಲೆಯ ನಗು ಮುಗಿಯುವುದೇ ಇಲ್ಲ.

ಅವ್ವ ಸೆರಗು ಕೆಳಗಿಳಿಸಿದಳು. "ಆಕಿ ಏನ್ ತಪ್ಪು ಅಂದ್ಲು? ಊಟಕ್ಕ ಕರದ್ಲು. ಅದಕ್ಯಾಕ ನಗಬೇಕ ಅವರು?"

"ಅದು ಕಾಮಿಡಿ ಅವ್ವಾ."

"ಹೌದೇನು" ಎಂದಳು. ತಟ್ಟೆಗಳನ್ನು ತೊಳೆಯಲು ಎದ್ದು ಹೋದಳು. ಗಂಡಾಂತರ ಕಳೆಯಿತು ಎಂದುಕೊಂಡೆ, ಪೆದ್ದಿ.

ಆ ವಾರವೇ ಅವಳ ಮೊಣಕಾಲು ತೋರಿಸಲು ಹಲಸೂರಿನ ಡಾಕ್ಟರಮ್ಮನ ಬಳಿಗೆ ಕರೆದುಕೊಂಡು ಹೋದೆ. ನೋವು ತಿಂಗಳುಗಟ್ಟಲೆಯದು. ಮೆಟ್ರೋದಲ್ಲಿ ಕೂತಾಗ ಅವಳ ತುಟಿಗಳು ಅಲುಗುತ್ತಿದ್ದವು. ಶಿವನಾಮ ಇರಬೇಕೆಂದು ಸುಮ್ಮನಿದ್ದೆ. ಡಾಕ್ಟರಮ್ಮನ ಎದುರು ಕೂತು ಅವಳು ಬಾಯಿ ತೆರೆದಾಗ ಗೊತ್ತಾಯಿತು, ದಾರಿಯುದ್ದಕ್ಕೂ ಪಾಠ ಒಪ್ಪಿಸಿಕೊಳ್ಳುತ್ತಿದ್ದಳು.

"ನಮಸ್ಕಾರ ಮೇಡಂ. ನನಗೆ ಮೊಣಕಾಲು ನೋವು ಇದೆ. ಮೆಟ್ಟಿಲು ಹತ್ತಲು ಆಗುವುದಿಲ್ಲ."

ಅದು ದೊರೆಸಾನಿಯ ಕನ್ನಡ. ನಾನು ಫೋನಿನಲ್ಲಿ ಸ್ಟುಡಿಯೋದವರ ಜೊತೆ ಆಡುವ ಕನ್ನಡ. ಒಂದೊಂದು ಪದವನ್ನೂ ಬಿಸಿ ಪಾತ್ರೆ ಇಳಿಸಿದ ಹಾಗೆ ಜೋಪಾನವಾಗಿ ಇಟ್ಟಳು.

"ಹೇಗ್ ನೋಯತ್ತಮ್ಮಾ? ಶಾರ್ಪ್ ಆಗಾ, ಇಲ್ಲ ಒಂದೇ ಸಮ ನೋಯತ್ತಾ?" ಎಂದರು ಡಾಕ್ಟರಮ್ಮ.

ಮನೆಯಲ್ಲಾದರೆ ಅದಕ್ಕೆ ಅವಳ ಬಳಿ ಮಾತಿಗೆ ಬರವಿಲ್ಲ. ಚಳಕು ಹೊಡಿತೈತಿ, ಒಳಗ ಇರುವಿ ಹರದಂಗ ಆಕ್ಕೈತಿ, ಎಲುಬು ಕಟಕಟ ಅಂತೈತಿ, ಹೀಗೆ ದಿನಕ್ಕೊಂದು ಹೇಳುತ್ತಾಳೆ. ಈಗ ಅವುಗಳಲ್ಲಿ ಒಂದಾದರೂ ಬರಲಿ ಎಂದು ಕಾದೆ. ಅವ್ವ ನನ್ನ ಕಡೆ ನೋಡಿದಳು, ತನ್ನ ಕಾಲಿನ ಕಡೆ ನೋಡಿದಳು. ಬಾಯಿಪಾಠ ಮಾಡಿದ್ದರಲ್ಲಿ ಆ ಸಾಲು ಇರಲಿಲ್ಲ.

"ಸ್ವಲ್ಪ ನೋವು. ಅಷ್ಟೇ" ಎಂದಳು.

ಅವಳ ಮಾತಿನಲ್ಲೇ ನಾನಾದರೂ ಹೇಳಬಹುದಿತ್ತು. ಹೇಳಲಿಲ್ಲ. "ರಾತ್ರಿ ಜಾಸ್ತಿ ಆಗತ್ತೆ ಮೇಡಂ" ಎಂದೇನೋ ತೊದಲಿದೆ, ಅದೂ ಬಸವನಗುಡಿಯ ಕನ್ನಡದಲ್ಲಿ. ಡಾಕ್ಟರಮ್ಮ ಒಂದು ಮುಲಾಮು ಬರೆದುಕೊಟ್ಟು ಮುಂದಿನವರನ್ನು ಕರೆದರು.

ಹೊರಗೆ ಬಂದು ಮೆಟ್ಟಿಲಿಳಿಯುವಾಗ ಅವ್ವ ಕಂಬಿ ಹಿಡಿದು ಒಂದೊಂದೇ ಹೆಜ್ಜೆ ಇಡುತ್ತಿದ್ದಳು. ಮುಖದ ತುಂಬ ಬೆವರು. ನಡುವೆ ನಿಂತು, ನನ್ನ ಕಿವಿಯ ಹತ್ತಿರ ಬಂದು, ಪರೀಕ್ಷೆ ಪಾಸಾದವಳ ಖುಷಿಯಲ್ಲಿ ಕೇಳಿದಳು:

"ಹ್ಯಾಂಗ ಮಾತಾಡಿದೆ? ಯಾರೂ ನಗಲಿಲ್ಲ ನೋಡು."